ಭೋಂಗಾ ಆದ ಮೇಲಿನ ಗೋಲು

ಬೆಟಗೇರಿಯ ನಮ್ಮ ಓಣಿಯಲ್ಲಿ ಆಗ ಹುಟ್ಟಿದ ಹುಡುಗನಿಗೆ ಸರಿಯಾಗಿ ಮಾತು ಬರುವ ಮೊದಲೇ ವೈರಿ ಯಾರು ಎಂಬುದು ತಿಳಿದುಬಿಡುತ್ತಿತ್ತು. ಗದಗಿನ ಗಿರಣಿ ಓಣಿಯವರು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ. ನಂತರ ನನಗೆ ನನ್ನದೇ ಕಾರಣ ಸಿಕ್ಕಿತು. ಅದನ್ನೇ ಹೇಳುತ್ತೇನೆ.

ನಾವು ಕುಣಿಮಗ್ಗದವರು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ಕಣ್ಣಿಗೆ ಎಳೆ ಕಾಣುವತನಕ ಸೀರೆ ನೇಯುವವರು. ಅವರು ಹತ್ತಿ ಗಿರಣಿಯಲ್ಲಿ ದುಡಿಯುವವರು. ಗಿರಣಿಯ ಸೈರನ್ನು, ನಮ್ಮ ಬಾಯಲ್ಲಿ ಭೋಂಗಾ, ಊದಿದರೆ ಒಳಗೆ, ಮತ್ತೆ ಊದಿದರೆ ಹೊರಗೆ. ಎರಡೂ ಓಣಿಗೆ ಒಂದೊಂದು ಫುಟ್‌ಬಾಲ್ ತಂಡವಿತ್ತು. ಅಮಾವಾಸ್ಯೆಗೆ ನಮ್ಮ ಮಗ್ಗಕ್ಕೆ ರಜೆ, ಹಾಗಾಗಿ ದೊಡ್ಡ ಆಟವೆಲ್ಲ ಅಮಾವಾಸ್ಯೆಗೇ. ಗಿರಣಿಯವರು ಬದಲಿ ಆಳು ನಿಲ್ಲಿಸಿ ಬರುತ್ತಿದ್ದರು.

ಅವರು ಎರಿ ಹೊಲದ ಕರಿಮಣ್ಣಿನ ಬಯಲಿಗೆ ಇಳಿಯುವಾಗಲೇ ಅವರ ಕೂಗು ಶುರು.

"ಕುಣ್ಯಾಗಿನ ಕಪ್ಪಿಗೋಳು ಬಂದ್ವು ನೋಡ್ರಲೇ! ನೆಲದ ಮ್ಯಾಲೆ ಓಡಾಕ ಬರತೈತೇನು ಕೇಳ್ರಿ!"

"ಬರ್ರಿಲೇ ಅರಳಿ ಮೀಸೆಯವರ, ಮೊದಲ ಮೂಗಿನಾಗಿನ ಹತ್ತಿ ತಕ್ಕೋರಿ!" ಎಂದು ನಾವು.

ಮಾತಿನಲ್ಲಿ ನಾವು ಯಾವತ್ತೂ ಸೋತಿಲ್ಲ. ಆಟದಲ್ಲಿ ಮಾತ್ರ ಕೊನೆಯ ಪಂದ್ಯ ವರ್ಷವೂ ಅವರದೇ. ಸೋತ ಓಣಿಗೊಂದು ಕಟ್ಟಳೆ ಇತ್ತು. ಗೆದ್ದವರು ಹಲಗಿ ಬಾರಿಸುತ್ತ ಸೋತವರ ಓಣಿಗೆ ಬರಬೇಕು, ಸೋತವರು ಅವರನ್ನು ಕಟ್ಟೆಯ ಮೇಲೆ ಕೂಡಿಸಿ ಮಂಡಕ್ಕಿಯ ಗಿರ್ಮಿಟ್, ಮಿರ್ಚಿ ಭಜಿ ಹಾಕಬೇಕು. ಉಣ್ಣಲು ಕುಳಿತವರಿಗೆ ಒಂದು ಮಾತು ಅನ್ನುವಂತಿಲ್ಲ. ನಮ್ಮ ಅವ್ವ ಉಳ್ಳಾಗಡ್ಡಿ ಹೆಚ್ಚುವಾಗ ಮಣೆಯೇ ಮುರಿಯುವ ಹಾಗೆ ಹೆಚ್ಚುತ್ತಿದ್ದಳು. ಮಂಡಕ್ಕಿಗೆ ಹಸಿ ಖಾರವನ್ನು ಮುಷ್ಟಿಗಟ್ಟಲೆ ಸುರಿಯುತ್ತಿದ್ದಳು. ಆ ಗಿರಣಿಯವರು ಮೂಗು ಸೋರಿಸುತ್ತ, "ಇನ್ನೊಂದೀಟು ಹಾಕ್ರಿ ಅವ್ವಾರ" ಎಂದು ಮತ್ತೆ ಕೈ ಚಾಚುತ್ತಿದ್ದರು.

ಅವರ ಗೋಲಿ, ಅಂದರೆ ಗೋಲು ಕಾಯುವವನು, ಫಕ್ಕೀರಪ್ಪ. ಹತ್ತಿಯ ಅಂಡಿಗೆಯನ್ನು ಒಬ್ಬನೇ ಬೆನ್ನಿಗೇರಿಸುವ ಆಳು. ಗೋಲಿನ ಎರಡು ಬಿದಿರಿನ ನಡುವೆ ನಿಂತರೆ ಬಾಗಿಲು ಹಾಕಿದ ಹಾಗೆ. ಒಂದು ವರ್ಷ ಅವನು ನಮ್ಮ ಕಟ್ಟೆಯ ಮೇಲೆ ಕುಳಿತು ಎಂಟೋ ಹತ್ತೋ ಮಿರ್ಚಿ ತಿಂದ. ಎದ್ದವನೇ, ಬಣ್ಣ ಕಟ್ಟಿ ಬಿದಿರಿನ ಮೇಲೆ ಒಣಹಾಕಿದ್ದ ನಮ್ಮ ನೂಲಿನ ಲಡಿಗೆ ಎಣ್ಣೆಗೈ ಒರೆಸಿದ. ಬೇಕೆಂದೇ. ಅವ್ವನ ಮುಖ ನೋಡುತ್ತ ಒರೆಸಿದ. ಎಣ್ಣೆ ಹತ್ತಿದ ನೂಲು ಸೀರೆಗೆ ಬರುವುದಿಲ್ಲ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಪ್ಪ ಗೋಡೆ ನೋಡುತ್ತ ನಿಂತ. ನನ್ನ ಅಣ್ಣ ಈರಣ್ಣ ತಂಡದ ಮುಂದಿನ ಆಟಗಾರ. ಅವನು ಮಾತ್ರ ಹೇಳಿದ:

"ತಮ್ಮಾ, ಒಮ್ಮಿ ಅವರ ಕಟ್ಟಿ ಮ್ಯಾಲೆ ಕುಂತು ತಿನ್ನೂಣು. ಆಮ್ಯಾಲೆ ಈ ಆಟ ಬಿಟ್ಟರೂ ಅಡ್ಡಿಯಿಲ್ಲ."

ಅಲ್ಲಿಂದ ನನಗೆ ಬೇರೆ ಆಸೆ ಇರಲಿಲ್ಲ. ಕೊನೆಯ ಪಂದ್ಯ ಗೆದ್ದವರಿಗೆ ಕೊಡುವ ಶೀಲ್ಡು ನನಗೆ ಬೇಕಾಗಿರಲಿಲ್ಲ. ಆ ಫಕ್ಕೀರಪ್ಪ ನಮ್ಮ ಮುಂದೆ ಬಗ್ಗಿ ಗಿರ್ಮಿಟ್ ಬಡಿಸಬೇಕು. ಮುಗಿಯಿತು.

ಮರುವರ್ಷ ಪುಷ್ಯ ಮಾಸದ ಅವರಾತ್ರಿ ಅಮಾವಾಸ್ಯೆಗೆ ಕೊನೆಯ ಪಂದ್ಯ ಬಂತು. ಹತ್ತಿ ಬರುವ ಕಾಲ. ರಸ್ತೆಯ ಬೇಲಿಗಳಿಗೆಲ್ಲ ಚಕ್ಕಡಿಯಿಂದ ಉದುರಿದ ಅರಳೆ ಸಿಕ್ಕಿಕೊಂಡಿತ್ತು, ಗಾಳಿಯಲ್ಲಿ ಹತ್ತಿಕಾಳಿನ ಎಣ್ಣೆ ವಾಸನೆ. ಸೀಟಿ ಹಿಡಿದವರು ಮುಂಡರಗಿ ಕಡೆಯ ಒಬ್ಬ ಮಾಸ್ತರರು, ಎರಡೂ ಓಣಿಗೆ ಸಂಬಂಧವಿಲ್ಲದವರು. ಪಂದ್ಯ ಸಮವಾದರೆ ಶೀಲ್ಡು ಹಿಂದಿನ ವರ್ಷ ಗೆದ್ದವರಿಗೇ ಎಂಬುದು ನೇಮ. ಅಂದರೆ ಗಿರಣಿಯವರಿಗೆ ಸೋಲದಿದ್ದರೆ ಸಾಕು, ನಾವು ಗೆಲ್ಲಲೇಬೇಕು.

ಅವರೊಂದು ಹೊಡೆದರು, ನಾವೊಂದು ಹೊಡೆದೆವು. ಆಮೇಲೆ ಅವರು ಆಡಲಿಲ್ಲ, ಹೊತ್ತು ಕಳೆದರು. ಚೆಂಡನ್ನು ಜಾಲಿಕಂಟಿಯೊಳಗೆ ಒದೆಯುವುದು, ಕಾಲು ಉಳುಕಿತೆಂದು ಮಣ್ಣಿನಲ್ಲಿ ಹೊರಳುವುದು. ಹೊರಳಿ ಎದ್ದವನು ನಮ್ಮನ್ನು ನೋಡಿ ಕಣ್ಣು ಹೊಡೆಯುವುದು ಬೇರೆ. ನಾನು ಗೆರೆಯ ಪಕ್ಕ ನಿಂತು ಬಾಯಿಗೆ ಬಂದದ್ದು ಬೈದೆ. ಆ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ, ಆದರೆ ಒಂದನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ.

ಹೊತ್ತು ಇಳಿಯಿತು. ಚೆಂಡು ನಡುಬಯಲಿನಲ್ಲಿ ಈರಣ್ಣನ ಕಾಲಿನಲ್ಲಿತ್ತು. ಆಗ ಗದಗಿನ ಕಡೆಯಿಂದ ಗಿರಣಿಯ ಭೋಂಗಾ ಊದಿತು.

ಮುಂದೆ ಆದದ್ದು ಇಂದಿಗೂ ನನ್ನ ಕಣ್ಣಿನಲ್ಲಿ ಹಾಗೇ ಇದೆ. ಗಿರಣಿಯವರ ಮೈಯೆಲ್ಲ ಒಮ್ಮೆಗೇ ಸಡಿಲಾಯಿತು. ಅಡ್ಡ ನಿಂತಿದ್ದವನು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ. ಇನ್ನೊಬ್ಬ ಸೊಂಟದ ಮೇಲೆ ಕೈಯಿಟ್ಟ. ಫಕ್ಕೀರಪ್ಪ ಬಿದಿರಿನ ನಡುವಿನಿಂದ ಹೊರಬಂದು ತನ್ನ ಅಂಗಿ ಎಲ್ಲಿದೆ ಎಂದು ನೋಡಿದ. ಹುಟ್ಟಿದಾಗಿನಿಂದ ಆ ಸಪ್ಪಳಕ್ಕೆ ಕೈ ಬಿಟ್ಟು ರೂಢಿಯಾದವರು, ಕೈ ಬಿಟ್ಟರು. ಮಾಸ್ತರರು ಸೀಟಿ ಊದಿರಲಿಲ್ಲ. ನಮ್ಮ ಕೆಲಸಕ್ಕೆ ಭೋಂಗಾ ಇಲ್ಲ, ಬೆಳಕು ಇರುವತನಕ ಕೆಲಸ. ಈರಣ್ಣನಿಗೆ ಆ ಸಪ್ಪಳ ಕೇಳಿಸಿತೋ ಇಲ್ಲವೋ, ಅವನು ಓಡುತ್ತಲೇ ಇದ್ದ. ಫಕ್ಕೀರಪ್ಪ ತಿರುಗಿ ನೋಡುವಷ್ಟರಲ್ಲಿ ಚೆಂಡು ಬಿದಿರಿನ ನಡುವೆ ದಾಟಿ ಹೋಗಿತ್ತು.

ಸೀಟಿ. ಗೋಲು. ಮತ್ತೆ ಉದ್ದನೆಯ ಸೀಟಿ. ಆಟ ಮುಗಿಯಿತು.

ನಾವು ಗೆದ್ದೆವೆಂದು ನನಗೆ ಮೊದಲು ಅನಿಸಲಿಲ್ಲ. ಅವರು ಸೋತರೆಂದು ಅನಿಸಿತು. ಆ ಸಂತೋಷದ ರುಚಿಯೇ ಬೇರೆ. ಕರಿಮಣ್ಣು ತೂರುತ್ತ ನೇರ ಫಕ್ಕೀರಪ್ಪನ ಮುಂದೆಯೇ ಹೋಗಿ ಕಪ್ಪೆಯಂತೆ ಕುಪ್ಪಳಿಸಿ ಕುಪ್ಪಳಿಸಿ ವಟಗುಟ್ಟಿದೆ. ಅವನು ನನ್ನ ಅಂಗಿಯ ಕೊರಳು ಹಿಡಿದು ಎತ್ತಿದ.

"ಭೋಂಗಾ ಆತಲೇ! ಭೋಂಗಾ ಆದಮ್ಯಾಲೆ ಎಂಥಾ ಗೋಲು?"

"ಭೋಂಗಾ ನಿಮ್ಮ ಗಿರಣಿಗಿ! ಆಟಕ್ಕ ಸೀಟಿ!" ಎಂದು ಈರಣ್ಣ ಅವನ ಕೈ ತಿರುವಿದ. "ಬಿಡಲೇ ಹುಡುಗನ್ನ. ಹೋಗಿ ಮಂಡಕ್ಕಿ ತೊಯಿಸು, ಬರ್ತೀವಿ."

ಹಲಗಿ ಬಾರಿಸುತ್ತ ಹೋದೆವು. ಗದಗಿನತನಕ ಕುಣಿದ ಕಾಲು ಗಿರಣಿ ಓಣಿಯ ಬಾಯಿಗೆ ಬಂದು ನಿಂತಿತು. ಓಣಿ ತುಂಬ ಮಿರ್ಚಿ ಕರಿಯುವ ವಾಸನೆ. ತಾವೇ ಗೆಲ್ಲುತ್ತೇವೆಂದು, ನಮ್ಮಲ್ಲಿ ಉಂಡು ಬಂದ ಮೇಲೂ ಮನೆಯಲ್ಲಿ ಹಬ್ಬ ಮಾಡಲೆಂದು ಕರಿದಿದ್ದರು. ಆದರೆ ಒಂದೊಂದು ಬಾಗಿಲೂ ಮುಚ್ಚಿತ್ತು. ಕಟ್ಟೆಗಳ ಮೇಲೆ ನೀರು ಸುರಿದಿದ್ದರು, ನಾವು ಕೂಡಬಾರದೆಂದು.

ಕಿಟಕಿಯೊಂದರಿಂದ ಒಬ್ಬ ಮುದುಕಿ ಕೂಗಿದಳು: "ಭೋಂಗಾ ಆದಮ್ಯಾಲಿನ ಗೋಲಿಗೆ ಇಲ್ಲಿ ಮಂಡಕ್ಕಿ ಇಲ್ಲ. ನಡೀರಿ!"

"ನಾವು ವರ್ಷಾ ಹಾಕೀವಲ್ಲಬೇ! ನಾಚಿಕಿ ಐತೇನು ನಿಮಗ?" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಒಂದು ಬಾಗಿಲೂ ತೆರೆಯಲಿಲ್ಲ. ಹಲಗಿಯವನು ಹಲಗಿಯನ್ನು ಬಗಲಿಗೆ ಹಾಕಿಕೊಂಡ. ಶೀಲ್ಡು ಹಿಡಿದುಕೊಂಡು ಹಸಿದ ಹೊಟ್ಟೆಯಲ್ಲಿ ಮನೆಗೆ ಬಂದೆವು.

"ಏನ್ ತಿನಸಿದ್ರು?" ಎಂದು ಅವ್ವ ಕೇಳಿದಳು. ಈರಣ್ಣ ಶೀಲ್ಡನ್ನು ಮೂಲೆಗೆ ಒರಗಿಸಿ, ಗಡಿಗೆಯ ನೀರು ಬಗ್ಗಿಸಿಕೊಂಡು ಕುಡಿದ.

ಕಟ್ಟಳೆ ಮುರಿದವರ ಜೊತೆ ಆಡುವುದಿಲ್ಲ ಎಂದು ನಮ್ಮ ಹಿರಿಯರು ಅವತ್ತೇ ಆಟ ನಿಲ್ಲಿಸಿದರು. ಈರಣ್ಣ ಮತ್ತೆ ಚೆಂಡು ಮುಟ್ಟಲಿಲ್ಲ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಕುಳಿತೆ, ಮಗ್ಗ ನಿಂತ ಮೇಲೆ ಗಾಡಿ ಕಲಿತೆ. ಇಂದು ಸ್ವಂತ ಟೆಂಪೊ ಇದೆ, ಯಾರ ಹಂಗಿನಲ್ಲೂ ಇಲ್ಲ. ಗಿರಣಿ ಬಿದ್ದುಹೋಗಿದೆ, ಎರಿ ಬಯಲಿನಲ್ಲಿ ಪ್ಲಾಟು ಹಾಕಿದ್ದಾರೆ. ನನ್ನ ಮಗ ಮೊಬೈಲಿನಲ್ಲಿ ಯಾವುದೋ ದೇಶದ ಆಟ ನೋಡುತ್ತಾನೆ. ಕೊನೆಯ ಗಳಿಗೆಯಲ್ಲಿ ಅವನ ತಂಡ ಗೆದ್ದರೆ ಮುಖ ಕಾಣದ ಯಾರಿಗೋ ಬೈಗುಳ ಟೈಪ್ ಮಾಡಿ ಮಲಗುತ್ತಾನೆ. ಅದೂ ಒಂದು ಸಿಟ್ಟೇ? ಬೈಸಿಕೊಂಡವನು ಬಂದು ಕೊರಳು ಹಿಡಿಯುವುದಿಲ್ಲ.

ಮೊನ್ನೆ ಲಕ್ಷ್ಮೇಶ್ವರದ ಬಜಾರಿನಲ್ಲಿ ಬಟ್ಟೆಯ ಗಂಟು ಇಳಿಸುತ್ತಿದ್ದಾಗ, ಚಹಾದಂಗಡಿಯ ಬೆಂಚಿನ ಮೇಲೆ ಫಕ್ಕೀರಪ್ಪ ಕಂಡ. ಮಗಳ ಮನೆಗೆ ಬಂದಿದ್ದನಂತೆ. ಆ ಭುಜ ಎಲ್ಲಿ ಹೋಯಿತೋ.

"ಗುರುತ ಸಿಗತೈತೇನ್ರಿ? ಈರಣ್ಣನ ತಮ್ಮ, ಬೆಟಗೇರಿ."

"ಓಹೋ, ಕಪ್ಪಿ!" ಎಂದು ನಕ್ಕ. ನನಗೆ ಮೈಯೆಲ್ಲ ಬಿಸಿಯಾಯಿತು. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ:

"ಈಗರೆ ಖರೆ ಹೇಳ್ರಿ. ಅವತ್ತು ಯಾರು ಗೆದ್ರು?"

"ಅಯ್ಯ, ನೀವ ಗೆದ್ರಿ ಬಿಡಪಾ. ಈಗ ಯಾರಿಗೆ ಬೇಕಾಗೇತಿ ಅದು?"

"ಹಂಗ ಅನಬ್ಯಾಡ್ರಿ! ಭೋಂಗಾ ಆಗಿತ್ತಂತ ಜಗಳಾ ಮಾಡ್ರಿ!"

ಅವನು ಹಟ ಮಾಡುವ ಕೂಸನ್ನು ನೋಡಿದಂತೆ ನನ್ನನ್ನು ನೋಡಿದ. "ಬಾ, ಕುಂಡ್ರು" ಎಂದು ಒಂದು ಪ್ಲೇಟು ಗಿರ್ಮಿಟ್ ತರಿಸಿ ನನ್ನ ಮುಂದಿಟ್ಟ. ಅದರಲ್ಲಿ ಸಿಟ್ಟಿಲ್ಲ, ನಾಚಿಕೆಯಿಲ್ಲ, ಸೋಲೂ ಇಲ್ಲ. ಬರೀ ಅಕ್ಕರೆ. ನಾನು ಕೇಳಿದ್ದು ಅದನ್ನಲ್ಲ. ಅವರ ಓಣಿಯಲ್ಲಿ, ಅವರ ಕಟ್ಟೆಯ ಮೇಲೆ, ಅವನು ಹಲ್ಲು ಕಚ್ಚಿಕೊಂಡು ಬಡಿಸುವಾಗ, ಈರಣ್ಣನ ಪಕ್ಕ ಕುಳಿತು ತಿನ್ನಬೇಕಾಗಿದ್ದ ಗಿರ್ಮಿಟ್ ನನಗೆ ಬೇಕಾಗಿತ್ತು.

ಗಂಟು ಇನ್ನೂ ಇಳಿಸುವುದಿದೆ ಎಂದು ಹೇಳಿ ಎದ್ದೆ. ಪ್ಲೇಟಿಗೆ ಕೈ ಹಚ್ಚಲಿಲ್ಲ.