ಎಡಗೈಗೆ ವಾಲಿದ ಗೋಡೆ

ರಸ್ತೆಯ ಬಸ್ಸುಗಳು ಇನ್ನೂ ದೀಪ ಆರಿಸಿಲ್ಲ. ಹಳೆಯ ಗೋದಾಮಿನೊಳಗೆ, ಏಣಿಯ ಮೇಲೆ ಒಬ್ಬಾಕೆ ನಿಂತಿದ್ದಾಳೆ. ತಿರುಪು ಬಿಗಿಯುವ ಡ್ರಿಲ್ ಎಡಗೈಯಲ್ಲಿದೆ. ಹುಟ್ಟಿನಿಂದ ಬಲಗೈಯವಳು, ಹಾಗಾಗಿ ತಿರುಪು ಆಗಾಗ ಕೊಸರಿ ಕೆಳಗೆ ಬೀಳುತ್ತದೆ. ಅದಕ್ಕೊಂದು ಬೈಗುಳ ಕೊಟ್ಟು ಇನ್ನೊಂದನ್ನು ತೆಗೆಯುತ್ತಾಳೆ. ಬಲ ಮೊಣಕೈಗೆ ಅಗಲವಾದ ಪಟ್ಟಿ ಬಿಗಿದಿದೆ.

ಇದು ಗೋಡೆ ಹತ್ತುವ ಆಟದ ಜಿಮ್. ಗೋಡೆಯ ತುಂಬ ಪ್ಲಾಸ್ಟಿಕ್ ಹಿಡಿಕೆಗಳು, ಒಂದೊಂದು ಬಣ್ಣಕ್ಕೆ ಒಂದೊಂದು ದಾರಿ. ಎಲ್ಲಿ ಕೈ ಚಾಚಬೇಕು, ಎಲ್ಲಿ ಕಾಲು ಸಿಗಬಾರದು, ಎಲ್ಲಿ ಹತ್ತುವವನಿಗೆ ‘ಯಾಕಪ್ಪಾ ಬಂದೆ’ ಅನಿಸಬೇಕು ಎಂದು ಗೊತ್ತುಮಾಡುವವಳು ಇವಳೇ. ತಿಂಗಳಾದರೆ ಹಳೆಯದನ್ನು ಬಿಚ್ಚಿ, ತೊಳೆದು, ಹೊಸ ದಾರಿ ಕೂರಿಸುತ್ತಾಳೆ. ತುದಿ ಮುಟ್ಟಿದವರು ಫೋಟೊ ತೆಗೆಸಿಕೊಳ್ಳುತ್ತಾರೆ, ಬಿದ್ದವರು ಗೋಡೆಗೆ ಶಾಪ ಹಾಕುತ್ತಾರೆ. ಆ ದಾರಿ ಒಬ್ಬರ ಕೈಕೆಲಸ ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ. ಜಿಮ್ಮಿನವರಿಗೆ ಅವಳು ಬರೀ ಅಕ್ಕ.

ಈ ಕಸುಬಿನಲ್ಲೊಂದು ಕಟ್ಟುಪಾಡಿದೆ: ದಾರಿ ಮಾಡಿದವರೇ ಅದನ್ನು ಮೊದಲು ಹತ್ತಬೇಕು. ಅವರ ಮೈ ಒಪ್ಪಿದ ಮೇಲೆಯೇ ಉಳಿದವರಿಗೆ. ಮೊಣಕೈಯ ಸ್ನಾಯುಬಂಧ ಊದಿಕೊಂಡಾಗಿನಿಂದ ಅಕ್ಕನಿಗೆ ಆ ಭಾಗ್ಯವಿಲ್ಲ. ಅವಳು ಮಾಡುತ್ತಾಳೆ, ಜೊತೆ ಕೆಲಸದ ಬಡಗಿ ಹತ್ತಿ ನೋಡುತ್ತಾನೆ. ಅವಳು ಕೆಳಗೆ ಕತ್ತೆತ್ತಿ ನಿಲ್ಲುತ್ತಾಳೆ. ಹಾಗೆ ತಾನೊಮ್ಮೆಯೂ ಹತ್ತದೆ ಬಿಚ್ಚಿಹೋದ ದಾರಿಗಳನ್ನು ನೆನೆದು, "ಅಡುಗೆ ಮಾಡಿ, ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ನಾನು ಉಪವಾಸ ಮಲಗಿದ ಹಾಗೆ" ಎನ್ನುತ್ತಾಳೆ.

ನೋವು ಶುರುವಾದಾಗ ಬಸ್ ಓಡಿಸುವ ಗಂಡ, ಕೆಲಸ ಬಿಟ್ಟುಬಿಡು ಅಂದಿದ್ದ. ಅತ್ತೆ ಅಷ್ಟು ಸುಲಭಕ್ಕೆ ಕರಗುವ ಜೀವವಲ್ಲ. ಮನೆಮಂದಿಯ ಬಟ್ಟೆ ಹಿಂಡಿ ಹಿಂಡಿ ಅವರ ಮೊಣಕೈಗೂ ಇದೇ ನೋವು ಬಂದಿತ್ತಂತೆ. "ನನ್ನ ನೋವಿಗೆ ಯಾರೂ ಹೆಸರೇ ಇಡ್ಲಿಲ್ಲ ಕಣೇ. ನಿನ್ನದಕ್ಕೆ ಹೆಸರೂ ಇದೆ, ಪಟ್ಟೀನೂ ಇದೆ" ಎಂದು ಗೊಣಗುತ್ತಲೇ ಸೊಸೆಯ ಕೈಯಿಂದ ಒದ್ದೆ ಹೊದಿಕೆ ಕಿತ್ತುಕೊಳ್ಳುತ್ತಾರೆ.

ನಡುವೆ ಒಮ್ಮೆ ನೋವು ಇಳಿದಂತಾಗಿ, ಯಾರಿಗೂ ಹೇಳದೆ ದೊಡ್ಡ ಗೋಡೆಗೇ ಕೈ ಹಾಕಿದ್ದಳು. ಆತುರಗಾರನಿಗೆ ಬುದ್ಧಿ ಮಟ್ಟ. ಮರುದಿನ ಹಲ್ಲುಜ್ಜುವ ಬ್ರಷ್ಷೂ ಭಾರವಾಯಿತು. ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿ ವೈದ್ಯೆ ಬೈಯಲಿಲ್ಲ; ನೀರಿನ ಬಾಟಲಿ ಹಿಡಿಸಿ ಮಣಿಕಟ್ಟನ್ನು ನಿಧಾನ ಇಳಿಸುವ ಪಾಠವನ್ನು ಮೊದಲಿನಿಂದ ಶುರುಮಾಡಿಸಿದರು. ಈಗ ಅಪ್ಪಣೆ ಸಿಕ್ಕಿದೆ. ಮಕ್ಕಳ ಗೋಡೆ ಮಾತ್ರ, ಅದೂ ಕೈ ಸಾಕೆಂದರೆ ತಕ್ಷಣ ಇಳಿಯುವ ಷರತ್ತಿನ ಮೇಲೆ.

ಅಷ್ಟರಲ್ಲಿ ಬಡಗಿ ಬರುತ್ತಾನೆ. ಬೆಳಗಿನ ದಾರಿ ಹತ್ತಿ ಇಳಿದು, ಹೇಳಲೋ ಬೇಡವೋ ಎಂಬಂತೆ ಹಿಡಿತ ಜಾರದಿರಲೆಂದು ಕೈಗೆ ಹಚ್ಚಿದ್ದ ಚಾಕ್ ಪುಡಿ ಒರೆಸಿಕೊಳ್ಳುತ್ತಾ ನಿಲ್ಲುತ್ತಾನೆ.

"ಬೇಜಾರು ಮಾಡ್ಕೋಬೇಡ ಅಕ್ಕ. ಇದರಲ್ಲಿ ಬಲಗೈಗೆ ಕೆಲಸಾನೇ ಇಲ್ಲ. ಹೋದ ತಿಂಗಳದ್ದೂ ಹೀಗೇ ಇತ್ತು."

ಅಕ್ಕ ಹಿಂದೆ ಸರಿದು ನೋಡುತ್ತಾಳೆ. ಹೌದು. ಕಷ್ಟದ ಎಳೆತವೆಲ್ಲ ಎಡಗೈಗೆ. ಬಲಗೈಗೆ ಮಾತ್ರ, ಮನೆಗೆ ಬಂದ ಬೀಗರಿಗೆ ಕೊಟ್ಟಂತೆ, ದಪ್ಪನೆಯ ಆರಾಮದ ಹಿಡಿಕೆಗಳು. ಬೇಕಂತ ಮಾಡಿದ್ದಲ್ಲ. ಇಷ್ಟು ದಿನ ಊರವರ ಎಡಗೈಗಳನ್ನೆಲ್ಲ ದಣಿಸಿ, ಗೋಡೆಯನ್ನು ಮುಟ್ಟಲೂ ಆಗದ ತನ್ನ ಬಲಗೈಯನ್ನು ಕಾಪಾಡಿಕೊಂಡಿದ್ದಾಳೆ. ನಾಚಿಕೆಯಾಗುತ್ತದೆ, ನಗುವೂ ಬರುತ್ತದೆ. ಏಣಿ ಹತ್ತಿ ಬೆಳಗಿನ ಕೆಲಸವನ್ನೆಲ್ಲ ಬಿಚ್ಚಿಹಾಕುತ್ತಾಳೆ.

ಆಮೇಲೆ ಏಣಿಯನ್ನು ಮಕ್ಕಳ ಗೋಡೆಗೆ ಎಳೆದೊಯ್ಯುತ್ತಾಳೆ. ಕಪ್ಪೆಯಾಕಾರದ, ಮೀನಿನಾಕಾರದ ಹಿಡಿಕೆಗಳಿಂದ ಅಲ್ಲೊಂದು ಹೊಸ ದಾರಿ. ಮೂರನೆಯದನ್ನು ಬಲಕ್ಕೆ ಇಡುವಾಗ ಕೈ ತಡೆಯುತ್ತದೆ. ಇಟ್ಟು ಬಿಗಿಯುತ್ತಾಳೆ. ಡ್ರಿಲ್ ಕೆಳಗಿಟ್ಟು, ಕಪಾಟಿನ ಮೂಲೆಯಲ್ಲಿ ಗಟ್ಟಿಯಾಗಿ ಹೋದ ತನ್ನ ಶೂ ಹಾಕಿಕೊಳ್ಳುತ್ತಾಳೆ.

ಒಂದು, ಎರಡು. ಮೂರನೆಯದಕ್ಕೆ ಬಲಗೈ ಬೆರಳು ಮಡಿಸುತ್ತಾಳೆ. ಮೈಯೆಲ್ಲ ಕಿವಿಯಾಗಿ ಮೊಣಕೈಯ ಮಾತಿಗೆ ಕಾಯುತ್ತಾಳೆ. ಅದು ಸುಮ್ಮನಿದೆ. ದೇಹದ ಭಾರವನ್ನು ತುಸು ತುಸುವೇ ಅದಕ್ಕೆ ಬಿಡುತ್ತಾಳೆ. ತುದಿಯೆಂದರೆ ಬಡಗಿಯ ತಲೆಗಿಂತ ಕೊಂಚ ಮೇಲೆ. ಅಲ್ಲಿಂದ ಪಕ್ಕದ ದೊಡ್ಡ ಗೋಡೆಯ ನೆತ್ತಿ ಕಾಣುತ್ತದೆ. ಅದನ್ನು ನೋಡುತ್ತಾ ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇರುತ್ತಾಳೆ. ಅಲ್ಲಿಗೆ ಹೋಗುವ ಆಸೆಗೆ ಕಣ್ಣು ಒದ್ದೆಯಾಗುತ್ತದೆ. ಆದರೂ ಒಂದೊಂದೇ ಹಿಡಿಕೆ ಹಿಡಿದು ಇಳಿದು ಬರುತ್ತಾಳೆ.

ಬಡಗಿ ಅಭ್ಯಾಸಬಲದಿಂದ ಅಂಗೈಗೆ ಚಾಕ್ ಪುಡಿ ಹಚ್ಚಿಕೊಂಡು ಮುಂದೆ ಬರುತ್ತಾನೆ, ತಾನೂ ಒಮ್ಮೆ ಹತ್ತಿ ನೋಡಲೆಂದು.

"ನೀನು ಬೇಡ, ಮಕ್ಕಳನ್ನೇ ಹತ್ತೋಕೆ ಬಿಡು" ಎನ್ನುತ್ತಾಳೆ ಅಕ್ಕ. "ಇದನ್ನ ನಾನೇ ಹತ್ತಿ ನೋಡಿದ್ದೀನಿ."