ಕೈ ಬಿಡದ ಕುಣಿತ

ನೆಟ್ಟಾ ಡಾಲ್‌ಗಾರ್ನೊ ಕಟ್ಟಿದ ಕುಣಿತವನ್ನು ಈಗ ಪಕ್ಕದ ಊರಿನವರೂ ಕುಣಿಯುತ್ತಾರೆ. ಇದರಲ್ಲಿ ಇಷ್ಟೊಂದು ಕೈ ಹಿಡಿಯುವುದು ಯಾಕೆ ಎಂದು ಗೊಣಗುವವರಿಗೆ ನಾನು ಈ ಕಥೆ ಹೇಳುತ್ತೇನೆ.

ನೆಟ್ಟಾ ನಮ್ಮ ಕಣಿವೆಯ ಬಸ್ಸನ್ನು ಮೂವತ್ತು ವರ್ಷ ಓಡಿಸಿದವಳು. ಹಿಮ ಬಿದ್ದು ರಸ್ತೆ, ಚರಂಡಿ ಒಂದಾದ ದಿನವೂ ಒಂದು ಕುರಿಗೂ ತಾಗಿಸಿದವಳಲ್ಲ. ಮಂಗಳವಾರ ಸಂಜೆ ಊರ ಸಭಾಂಗಣದಲ್ಲಿ ಕುಣಿಯಲು ನಿಂತರೆ ಅವಳ ಜೋಡಿ ನಾನು. ಅಲ್ಲಿಯೂ ಚಾಲಕಿ ಅವಳೇ, ನಾನು ಬರೀ ಸಾಮಾನು.

ಅರವತ್ತೆರಡಕ್ಕೆ ಅವಳ ಕಣ್ಣು ಹೋಗತೊಡಗಿತು. ಬಸ್ಸು ಬಿಟ್ಟಳು, ಯಾಕೆಂದು ಯಾರಿಗೂ ಹೇಳಲಿಲ್ಲ, ನನಗೂ. ಒಂದು ಮಂಗಳವಾರ ಎದುರಿನವರು ಚಾಚಿದ ಕೈ ಕಾಣದೆ ಸಾಲು ದಾಟಿ ಹೋಗಿ ಚಹಾದ ಮೇಜಿಗೆ ಡಿಕ್ಕಿ ಹೊಡೆದಳು. ಕುಣಿತ ಕಲಿಸುವ ಮರ್ಡೊ ಪೆಟ್ರಿ ಸಂಗೀತ ನಿಲ್ಲಿಸಿದ.

"ಸಾಕು ನೆಟ್ಟಾ. ಇನ್ಮೇಲೆ ಕೂತ್ಕೊಂಡು ನೋಡು."

"ನೋಡೋಕಾಗಿದ್ರೆ ಮೇಜಿಗೆ ಯಾಕೋ ಗುದ್ದಿರ್ತಿದ್ದೆ?"

ಅವಳ ಕಣ್ಣಿನ ವಿಷಯ ನಮಗೆ ತಿಳಿದದ್ದು ಆಗಲೇ. ಬಸ್ಸು ಹೋಗಿತ್ತು, ಈಗ ಕುಣಿತವೂ ಹೋದರೆ ಅವಳು ಮನೆಯ ಬಾಗಿಲು ದಾಟಲು ಕಾರಣವೇ ಉಳಿಯುತ್ತಿರಲಿಲ್ಲ. ಮರ್ಡೊನ ಮೇಲೆ ನನಗೆ ಮೈಯೆಲ್ಲ ಉರಿಯಿತು, ಆದರೂ ಬಾಯಿ ಬಿಡಲಿಲ್ಲ. ಆ ಹೇಡಿತನ ಇವತ್ತಿಗೂ ಚುಚ್ಚುತ್ತದೆ.

ಮೂರು ವಾರದ ಮೇಲೆ ನೆಟ್ಟಾ ನನ್ನನ್ನು ಮನೆಗೆ ಕರೆಸಿದಳು. ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಆಲೂಗಡ್ಡೆ, ಎದುರಿಗೆ ನಾಲ್ಕು ಈರುಳ್ಳಿ. ರಾಗ ಗುನುಗುತ್ತ, ಬೆರಳಲ್ಲಿ ತಡವುತ್ತ ಅವನ್ನು ಜರುಗಿಸುತ್ತಿದ್ದಳು.

"ಹೊಸ ಕುಣಿತ ಕಟ್ಟಿದೀನಿ. ಆಲೂಗಡ್ಡೆ ಗಂಡಸರು, ಈರುಳ್ಳಿ ಹೆಂಗಸರು. ಮೊದಲನೇ ಈರುಳ್ಳಿ ನಾನು. ಒಂದು ಕೈ ಬಿಡೋಷ್ಟರಲ್ಲಿ ಇನ್ನೊಂದು ಕೈ ಸಿಗುತ್ತೆ."

"ನಾನ್ಯಾವ ಆಲೂಗಡ್ಡೆ?"

"ಮೊಳಕೆ ಬಂದಿದೆಯಲ್ಲ, ಅದು."

ಅದನ್ನು ಸಭಾಂಗಣದಲ್ಲಿ ಕುಣಿಯಲು ಮರ್ಡೊ ಒಪ್ಪಿದ, ಆದರೆ ಒಂದೇ ಸಲಕ್ಕೆ. "ಎಡವಿದ್ರೆ ಮತ್ತೆ ಕೇಳಬಾರದು" ಎಂದ.

ಎಂಟು ಜನ ನಿಂತೆವು. ಕೈಯಿಂದ ಕೈಗೆ ನೆಟ್ಟಾ ತೇಲುತ್ತ ಹೋದಳು. ಮೂರನೇ ಸುತ್ತಿನಲ್ಲಿ, ಕಣ್ಣು ಚೆನ್ನಾಗಿರುವ ನಾನು, ಬಲಕ್ಕೆ ಹೋಗಬೇಕಾದವನು ಎಡಕ್ಕೆ ಹೋದೆ. ನನ್ನನ್ನು ನಂಬಿ ಬಂದ ಇಬ್ಬರೂ ದಾರಿ ತಪ್ಪಿದರು. ನನ್ನ ಕೈ ಇರಬೇಕಾದಲ್ಲಿ ಅವಳಿಗೆ ಏನೂ ಸಿಗಲಿಲ್ಲ.

ನಮ್ಮ ಕುಣಿತದಲ್ಲಿ ಹೆಜ್ಜೆ ತಪ್ಪಿದವರನ್ನು ತಳ್ಳುವಂತಿಲ್ಲ, ಕೂಗುವಂತಿಲ್ಲ. ಕೈ ಚಾಚಬಹುದು, ಅಷ್ಟೇ. ನೆಟ್ಟಾ ಅರೆಕ್ಷಣ ತಡೆದಳು. ಆಮೇಲೆ ನಾನು ತಪ್ಪಿ ನಿಂತಿದ್ದ ಕಡೆಗೇ ಕೈ ಚಾಚಿ, ನನ್ನನ್ನು ತಿರುಗಿಸಿ ನನ್ನ ಜಾಗಕ್ಕೆ ಬಿಟ್ಟಳು. ಹಾಗೆಯೇ ಎರಡನೆಯವನನ್ನು, ಮೂರನೆಯವಳನ್ನು. ರಾಗ ಮುಗಿದಾಗ ಎಂಟೂ ಜನ ಅವರವರ ಜಾಗದಲ್ಲಿದ್ದೆವು. ಎಂಟು ಜನರ ಹೆಜ್ಜೆಯನ್ನು ಅವಳು ಕಿವಿಯಲ್ಲೇ ಹಿಡಿದಿದ್ದಳು. ಅಂಥದ್ದನ್ನು ನಾನು ಮತ್ತೆ ಕಂಡಿಲ್ಲ.

ಮರ್ಡೊ ಬಂದು ಅವಳೆದುರು ನಿಂತು, ಮಾತಿಲ್ಲದೆ ಸೊಂಟ ಬಾಗಿಸಿ ವಂದಿಸಿದ. ಇವಳಿಗೆ ಅದು ಕಾಣದಲ್ಲ ಎಂದುಕೊಂಡೆ.

"ಏಳೋ ಮರ್ಡೊ" ಎಂದಳು ನೆಟ್ಟಾ. "ಸೊಂಟ ಲಟಕ್ ಅಂದದ್ದು ಕೇಳಿಸ್ತು."

"ಮುಂದಿನ ಮಂಗಳವಾರ ಇದನ್ನ ನೀನೇ ಕಲಿಸಬೇಕು" ಎಂದ ಅವನು.

"ಮೊದಲು ಇವನಿಗೆ ಕಲಿಸ್ತೀನಿ" ಎಂದು ನನ್ನನ್ನು ಎಳೆದುಕೊಂಡು ಸಾಲಿನ ತಲೆಗೆ ಹೊರಟಳು.