ದೇವಿಕಾ ಕೊಂಡ ಸೌಂಡ್ ಕಾರ್ಡ್

ವಡ್ಡು ಗ್ರಾಮದ ದೇವಿಕಾ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾಳೆ. ಮನೆಯ ಮಾಳಿಗೆಗಿಂತ ಎಷ್ಟೋ ಎತ್ತರದಲ್ಲಿ ತೂಗುವ ಗಾಜಿನ ಕ್ಯಾಬಿನ್‌ನಲ್ಲಿ ಕುಳಿತು ಉಕ್ಕಿನ ಸುರುಳಿಗಳನ್ನು ಎತ್ತಿ ಇಳಿಸುವುದು ಅವಳ ಕೆಲಸ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅತ್ತೆ ಎರ್ರೆಮ್ಮ ದಿನಾ ಮಾಳಿಗೆ ಹತ್ತಿ, ದೂರದ ಚಿಮಣಿಗಳ ಹೊಗೆ ನೋಡಿ, ಸೊಸೆ ಅಲ್ಲೇ ಎಲ್ಲೋ ಕುಂತಿರಬೇಕು ಎಂದು ಸಮಾಧಾನ ತಂದುಕೊಳ್ಳುತ್ತಿದ್ದಳು. ಈಗ ಅದೆಲ್ಲ ರೂಢಿಯಾಗಿದೆ. ರೂಢಿಯಾಗದೆ ಉಳಿದದ್ದೊಂದೇ: ಹಗಲೆಲ್ಲ ಟನ್‌ಗಟ್ಟಲೆ ಉಕ್ಕು ಎತ್ತಿ ಬಂದ ಸೊಸೆ, ಸಂಜೆ ಕಂಪ್ಯೂಟರಿನ ಮುಂದೆ ಕುಳಿತು ಬಂದೂಕು ಹಿಡಿದು ಓಡಾಡುವ ಆಟ ಆಡುವುದು.

ಆ ಆಟದಲ್ಲಿ ದೇವಿಕಾಳಿಗೆ ಒಬ್ಬಳೇ ವೈರಿ, ಭವ್ಯ. ಇಬ್ಬರೂ ಕಂಪ್ಲಿಯ ಒಂದೇ ಓಣಿಯಲ್ಲಿ ಬೆಳೆದವರು. ಭವ್ಯ ಈಗಲೂ ಅಲ್ಲೇ ಇದ್ದಾಳೆ. ಭಾನುವಾರಗಳಂದು ಇಬ್ಬರೂ ಎದುರುಬದುರು ತಂಡ ಕಟ್ಟಿ ಆಡುತ್ತಾರೆ. ಪ್ರತಿಸಲವೂ ಭವ್ಯ ಸದ್ದಿಲ್ಲದೆ ಬೆನ್ನ ಹಿಂದಿನಿಂದ ಬಂದು ಹೊಡೆದುಬಿಡುತ್ತಿದ್ದಳು. ನಿಜಕ್ಕೂ ಸದ್ದೇನೋ ಇರುತ್ತಿತ್ತು, ಆದರೆ ದೇವಿಕಾಳ ಕಂಪ್ಯೂಟರಿನಲ್ಲಿ ಅದು ಎಡವೋ ಬಲವೋ, ಹಿಂದೋ ಮುಂದೋ ತಿಳಿಯುತ್ತಿರಲಿಲ್ಲ. ಹೆಜ್ಜೆಯ ಸದ್ದೆಲ್ಲ ಒಂದು ಗುಂಯ್‌ಗುಡುವ ಮೊರೆತದೊಳಗೆ ಮುಳುಗಿಹೋಗುತ್ತಿತ್ತು.

ಅದೇ ಮೊರೆತ ಅವಳ ಗಂಡ ಯಲ್ಲೇಶನನ್ನೂ ಕಾಡುತ್ತಿತ್ತು. ಹಂಪಿ ಸುತ್ತಿನ ತೋಟಗಳಿಂದ ಹೊಸಪೇಟೆಗೆ ಬಾಳೆಗೊನೆ ಸಾಗಿಸುವ ಅವನಿಗೆ ಹಾಡಿನ ಹುಚ್ಚು. ಗಾಡಿಯಲ್ಲಿ ಎಂಜಿನ್ ಸದ್ದಿನ ನಡುವೆ ಕೇಳಿದ್ದು ಕೇಳಿದ ಹಾಗಲ್ಲ ಎನ್ನುವುದು ಅವನ ವಾದ. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡರೆ, ಗಾಯಕ ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲ ಸೊಳ್ಳೆಗಳು ಸಂತೆ ಕೂಡಿದಂತೆ ಸದ್ದು. ಗಂಡ ಹೆಂಡತಿ ಇಬ್ಬರೂ ಒಮ್ಮತದಿಂದ, ಕಂಪ್ಯೂಟರಿನ ಸದ್ದನ್ನು ತಿಳಿಯಾಗಿಸುವ ಒಂದು ಸೌಂಡ್ ಕಾರ್ಡ್ ಕೊಳ್ಳಬೇಕೆಂದು ತೀರ್ಮಾನಿಸಿದರು. ಒಮ್ಮತ ಅಲ್ಲಿಗೇ ಮುಗಿಯಿತು. ಅವಳಿಗೆ ನಾಲ್ಕೂ ದಿಕ್ಕಿನಿಂದ ಸದ್ದು ಕೇಳಿಸುವ ಕಾರ್ಡ್ ಬೇಕು. ಅವನಿಗೆ ಹಾಡನ್ನು ಹಾಡಿದಂತೆಯೇ ಕೇಳಿಸುವ ಕಾರ್ಡ್ ಬೇಕು. ಅವಳು ಕ್ಯಾಂಟೀನಿನಲ್ಲಿ ಕುಳಿತು ಅವನಿಗೆ ವಿಡಿಯೋ ಕಳಿಸಿದರೆ, ಅವನು ಬಾಳೆತೋಟದಿಂದ ಬೇರೊಂದು ವಿಡಿಯೋ ಕಳಿಸುತ್ತಿದ್ದ. ನೋಡಿದಷ್ಟೂ ಇಬ್ಬರ ಗೊಂದಲ ಇನ್ನಷ್ಟು ಹೆಚ್ಚಿತು.

ಕೊನೆಗೆ ಅವಳ ರಜೆಯ ದಿನ ನೋಡಿಕೊಂಡು ಹೊಸಪೇಟೆಗೆ ಹೊರಟರು. ಡ್ಯಾಮ್ ತುಂಬಿದೆಯಂತೆ, ನಾನೂ ನೋಡಬೇಕು ಎಂದು ಎರ್ರೆಮ್ಮ ಹೊಸ ಸೀರೆ ಉಟ್ಟು ಗಾಡಿ ಹತ್ತಿದಳು.

ಹಾಲೇಶನ ಕಂಪ್ಯೂಟರ್ ಅಂಗಡಿ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿದೆ. ಅವನು ಇಬ್ಬರ ವಾದವನ್ನೂ ನಗುತ್ತಾ ಕೇಳಿ, ಎರಡು ಕಾರ್ಡ್‌ಗಳನ್ನು ಮೇಜಿನ ಮೇಲಿಟ್ಟ. ಒಂದು ಕಂಪ್ಯೂಟರಿನ ಒಳಗೆ ಕೂರುವಂಥದ್ದು, ಬಣ್ಣಬಣ್ಣದ ದೀಪಗಳದ್ದು. ಇನ್ನೊಂದು ಹೊರಗೆ ತಂತಿಯಿಂದ ಜೋಡಿಸುವ ಕಪ್ಪು ಡಬ್ಬಿ, ಅಂಗೈಯಲ್ಲಿ ಹಿಡಿಯುವಷ್ಟು. ಪೊಟ್ಟಣದ ಮೇಲೆ ಅಚ್ಚಾದ ದೊಡ್ಡ ಅಂಕಿ ಓದಿ ಯಾರೂ ಕಾರ್ಡ್ ಕೊಳ್ಳಬಾರದು, ಸ್ವಂತ ಹೆಡ್‌ಫೋನ್ ತಂದು ಸ್ವಂತ ಕಿವಿಯಿಂದ ಕೇಳಿ ಕೊಳ್ಳಬೇಕು ಎಂದ. ನಿಮ್ಮ ಗುಂಯ್‌ಗುಡುವಿಕೆ ಕಂಪ್ಯೂಟರಿನ ಒಳಗಿನ ಕರೆಂಟಿನ ಗಲಾಟೆ ಇರಬಹುದು, ಹೊರಗಿನ ಡಬ್ಬಿಗೆ ಆ ಕಾಟ ಕಡಿಮೆ ಎಂದೂ ಹೇಳಿದ.

ದೇವಿಕಾ ಮೊದಲು ದೀಪದ ಕಾರ್ಡ್‌ನಲ್ಲಿ ಆಟ ಕೇಳಿದಳು. ಹೆಜ್ಜೆಗಳು ಸುತ್ತಮುತ್ತ ಓಡಾಡಿದವು. ಅವಳ ಮುಖ ಅರಳಿತು. ಯಲ್ಲೇಶ ಅದರಲ್ಲೇ ಹಾಡು ಕೇಳಿ ಮುಖ ಕಿವುಚಿದ. ಏನೋ ಸರಿಯಿಲ್ಲ ಎನ್ನುತ್ತಾನೆ, ಏನೆಂದು ಹೇಳಲು ಬರುತ್ತಿಲ್ಲ. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಅವ್ವ ಹಾಡಿದ ಬೀಸುವ ಕಲ್ಲಿನ ಪದವೊಂದು ಅವನ ಮೊಬೈಲಿನಲ್ಲಿತ್ತು. ಅದನ್ನು ಅದೇ ಕಾರ್ಡ್‌ನಲ್ಲಿ ಹಚ್ಚಿ, ಹೆಡ್‌ಫೋನನ್ನು ಅವ್ವನ ಕಿವಿಗೇ ಇಟ್ಟ.

ಎರ್ರೆಮ್ಮ ತನ್ನ ದನಿಯನ್ನು ಹಾಗೆ ಕೇಳಿದ್ದು ಅದೇ ಮೊದಲು. ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿದಳು.

"ನಾ ಮನ್ಯಾಗ ಕುಂತು ಹಾಡೀನಿ. ಇದೇನು ಬಾವ್ಯಾಗ ಇಳಿದು ಹಾಡಿದಂಗ ಐತಲ್ಲ?"

ದೇವಿಕಾಳಿಗೆ ತಟ್ಟನೆ ಹೊಳೆಯಿತು. "ಅಣ್ಣಾರ, ನಾಲ್ಕು ದಿಕ್ಕಿನ ಸೌಂಡ್ ಇನ್ನಾ ಚಾಲೂ ಐತಿ. ಆಟಕ್ಕ ಅದು ಬೇಕು, ಹಾಡಿಗೆ ಬ್ಯಾಡ. ಬಂದ್ ಮಾಡ್ರಿ."

ಹಾಲೇಶ ಬಂದ್ ಮಾಡಿದ. ಎರ್ರೆಮ್ಮನ ಹಾಡು ಬಾವಿಯಿಂದ ಮೇಲೆದ್ದು ಬಂತು. ಅಲ್ಲಿಗೆ ಜಗಳದ ಅರ್ಧ ಭಾಗ ಕರಗಿತು. ಇಬ್ಬರಿಗೂ ಬೇಕಾದದ್ದು ಬೇರೆ ಬೇರೆ ಕಾರ್ಡ್ ಅಲ್ಲ, ಎರಡೂ ಕೆಲಸ ಮಾಡಿ ಸುಲಭವಾಗಿ ಬದಲಾಗುವ ಒಂದು ಕಾರ್ಡ್. ಕಪ್ಪು ಡಬ್ಬಿಯ ನೆತ್ತಿಯ ಮೇಲೆ ಅದಕ್ಕೆಂದೇ ಒಂದು ಗುಂಡಿ ಇತ್ತು. ಒತ್ತಿದರೆ ಆಟ, ಮತ್ತೆ ಒತ್ತಿದರೆ ಹಾಡು. ಮೈಕ್ ಸಿಕ್ಕಿಸುವ ಜಾಗವೂ ಇತ್ತು. ಅದರಲ್ಲಿ ಕೇಳಿದಾಗ ಎರ್ರೆಮ್ಮನ ಕೈಬಳೆ ಬೀಸುವ ಕಲ್ಲಿಗೆ ತಾಗಿದ ಸದ್ದು ಕೂಡ ಕೇಳಿಸಿತು. ಯಲ್ಲೇಶ ಕಣ್ಣು ಮುಚ್ಚಿದವನು ತೆರೆಯಲೇ ಇಲ್ಲ. ದೀಪ ಇಲ್ಲದ್ದಕ್ಕೆ ದೇವಿಕಾಳಿಗೆ ತುಸು ಬೇಸರವಾಯಿತು, ಆದರೆ ಆಟ ಹಚ್ಚಿ ಕೇಳಿದ ಮೇಲೆ ಅದೂ ಹೋಯಿತು. ಡಬ್ಬಿ ಚೀಲ ಸೇರಿತು, ಡ್ಯಾಮ್ ನೋಡಿದ್ದಾಯಿತು, ದಂಡೆಯಲ್ಲಿ ಕುಳಿತು ಮಿರ್ಚಿ ಮಂಡಕ್ಕಿ ತಿಂದದ್ದೂ ಆಯಿತು.

ಆ ಭಾನುವಾರ ದೇವಿಕಾ ಆಟಕ್ಕೆ ಕುಳಿತಳು. ಮೊರೆತ ಇರಲಿಲ್ಲ. ಪಾಳು ಗೋದಾಮಿನೊಳಗೆ ನಡೆಯುತ್ತಿದ್ದಾಗ ಬೆನ್ನ ಹಿಂದೆ, ತುಸು ಎಡಕ್ಕೆ, ಜಲ್ಲಿಕಲ್ಲಿನ ಮೇಲೆ ಹೆಜ್ಜೆ ಕೇಳಿತು. ಗಕ್ಕನೆ ತಿರುಗಿ ಹೊಡೆದಳು. ಪರದೆಯ ಮೇಲೆ ಸತ್ತವರ ಸಾಲಿನಲ್ಲಿ ಭವ್ಯಳ ಹೆಸರು ಮೂಡಿತು. ಒಂದೇ ಸಲವಲ್ಲ, ಸಂಜೆಯೆಲ್ಲ ಅದೇ ಕಥೆ. ಆಟ ಮುಗಿದದ್ದೇ ಭವ್ಯಳ ಫೋನ್ ಬಂತು.

"ಲೇ ದೇವಿ, ಖರೇ ಹೇಳು, ನನ್ನ ಪರದೆ ಯಾರು ನೋಡಿ ಹೇಳಾಕತ್ತಾರ ನಿನಗ?"

ದೇವಿಕಾ ನಕ್ಕ ನಗುವಿಗೆ ಹಿತ್ತಲಲ್ಲಿದ್ದ ಯಲ್ಲೇಶ ಓಡಿ ಬಂದ.

ಎರ್ರೆಮ್ಮನಿಗೆ ಮಾತ್ರ ಬೇರೊಂದು ಚಿಂತೆ ಹತ್ತಿಕೊಂಡಿತ್ತು. ಅಂಗಡಿಯಲ್ಲಿ ಕೇಳಿದ ಹಾಡಿನಲ್ಲಿ ಒಂದು ಕಡೆ ತನ್ನ ಉಸಿರು ತಪ್ಪಿದ್ದು ಅವಳ ಮನಸ್ಸಿನಿಂದ ಹೋಗಲೇ ಇಲ್ಲ. ಮತ್ತೆ ಹಾಡುತ್ತೇನೆ, ರೆಕಾರ್ಡ್ ಮಾಡಿಕೊಳ್ಳಿ ಎಂದು ಹಟ ಹಿಡಿದಳು. ಯಲ್ಲೇಶ ಮೈಕ್ ತಂದ, ಫ್ಯಾನ್ ಬಂದ್ ಮಾಡಿದ, ಪಡಸಾಲೆಯಲ್ಲಿದ್ದ ಕೋಳಿಯನ್ನು ಹೊರಗಟ್ಟಿದ. ಬೀಸುವ ಪದಕ್ಕೆ ಎದುರು ದನಿ ಬೇಕೆಂದು ಎರ್ರೆಮ್ಮ ಪಕ್ಕದ ಮನೆಯ ದುರ್ಗಕ್ಕನನ್ನು ಕರೆಸಿದಳು. ಇಬ್ಬರೂ ಬಾಲ್ಯದಿಂದ ಒಂದೇ ಕಲ್ಲಿಗೆ ಕೈ ಹಚ್ಚಿದವರು. ಒಂದು ಪದ ಹಿಡಿದರೆ ಇನ್ನೊಂದು ನೆನಪಾಗುತ್ತಿತ್ತು. ಯಾವುದೋ ಸಾಲಿಗೆ ಇಬ್ಬರಿಗೂ ನಗು ಬಂದು ಹಾಡು ನಿಂತುಬಿಡುತ್ತಿತ್ತು. ನಗುವನ್ನು ತೆಗೆದುಹಾಕಲೇ ಎಂದು ಯಲ್ಲೇಶ ಕೇಳಿದರೆ, ಇರಲಿ ಬಿಡು, ಬೀಸುವಾಗಲೂ ಹಿಂಗೇ ನಗುತ್ತಿದ್ದೆವು ಎಂದಳು ದುರ್ಗಕ್ಕ.

ಮುಂದಿನ ವಾರಗಳಲ್ಲಿ ಕಂಪ್ಯೂಟರಿಗೆ ಸರದಿ ಶುರುವಾಯಿತು. ಒಂದು ಭಾನುವಾರ ಎರಡೂ ತಂಡ ಸಿದ್ಧವಾಗಿ ಕಾಯುತ್ತಿದ್ದರೂ ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ. ದೇವಿಕಾ ನಾಚಿಕೊಂಡೇ, ಅತ್ತೆಯ ಹಾಡು ಇನ್ನೂ ಮುಗಿದಿಲ್ಲ, ಸ್ವಲ್ಪ ತಾಳಿ ಎಂದು ಭವ್ಯಳಿಗೆ ಫೋನಿನಲ್ಲಿ ತಿಳಿಸಿದಳು.

"ಜಲ್ದಿ ಏನೂ ಇಲ್ಲ, ಆಟದಾಗ ಮೈಕ್ ಚಾಲೂ ಮಾಡು, ನಾವೂ ಕೇಳ್ತೀವಿ" ಎಂದಳು ಭವ್ಯ.

ದೇವಿಕಾ ಗುಂಡಿ ಒತ್ತಿ, ಅತ್ತೆಯ ಮುಂದೆ ಮೈಕ್ ಸರಿಸಿದಳು. ಬಂದೂಕು ಕೆಳಗಿಟ್ಟ ಆಟಗಾರರು ಆ ಸಂಜೆ ಬೀಸುವ ಕಲ್ಲಿನ ಪದ ಕೇಳುತ್ತಾ ಕುಳಿತರು.